ದಾರಿಖರ್ಚು ಯಾರ ಲೆಕ್ಕಕ್ಕೆ? ಮಂಡ್ಯ ಜಿಲ್ಲೆಯ ಒಂದು ಮಾನಸಿಕ ಆರೋಗ್ಯ ಪ್ರಕರಣ

ಈ ಪ್ರಕರಣದಲ್ಲಿ ಚಿಕಿತ್ಸೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ವಕೀಲರು ಫೀಸು ಕೇಳಲಿಲ್ಲ, ನ್ಯಾಯಾಲಯ ಶುಲ್ಕ ಕೇಳಲಿಲ್ಲ. ಆದರೂ ಕೊನೆಗೆ 7,540 ರೂಪಾಯಿಯ ಲೆಕ್ಕ ಉಳಿಯಿತು. ಒಂದು ಗ್ರಾಮ ಪಂಚಾಯ್ತಿ, ಒಂದು ಪುರಸಭೆ, ಒಂದು ಪೊಲೀಸ್ ಠಾಣೆ, ಎರಡು ಸರ್ಕಾರಿ ಆಸ್ಪತ್ರೆ ಇದರಲ್ಲಿ ಕೈ ಹಾಕಿದ್ದವು. ಈ ಸಣ್ಣ ಮೊತ್ತವನ್ನು ಬರೆದುಕೊಳ್ಳಲು ಯಾರ ಖಾತೆಯಲ್ಲೂ ಜಾಗವಿರಲಿಲ್ಲ. ದುಡ್ಡು ಇಲ್ಲದೆ ಹೀಗಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಇದು ಯಾರ ಬಾಬ್ತು ಎಂದು ಮೊದಲೇ ಬರೆದಿಟ್ಟವರಿಲ್ಲ, ಅಷ್ಟೇ. ಬೀದಿಯಲ್ಲಿರುವ ಮಾನಸಿಕ ಅಸ್ವಸ್ಥರ ವಿಚಾರದಲ್ಲಿ ಪ್ರತಿ ತಾಲ್ಲೂಕಿನಲ್ಲೂ ಇದೇ ಗೊಂದಲ ಎದುರಾಗುವುದರಿಂದ ಪೂರ್ತಿ ವಿವರ ಬರೆಯುತ್ತಿದ್ದೇನೆ. ನಾನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕಿ, ಅಂದರೆ ಪಿಎಲ್‌ವಿ. ಆ ಹೆಂಗಸಿನ ಹೆಸರು, ಊರು, ನಮ್ಮ ತಾಲ್ಲೂಕು, ಕಚೇರಿಗಳ ಗುರುತು ಇಲ್ಲಿ ಬಿಟ್ಟಿದ್ದೇನೆ.

ಸನ್ನಿವೇಶ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಹಳೇ ರಸ್ತೆಯ ಎಷ್ಟೋ ನಿಲ್ದಾಣಗಳಲ್ಲಿ ಜನ ಕಡಿಮೆಯಾದರು. ಅಂಥದೊಂದು ನಿಲ್ದಾಣ. ತಗಡಿನ ಛಾವಣಿ ಪಂಚಾಯ್ತಿಯವರು ಹಾಕಿಸಿದ್ದು; ಹಿಂದಿನ ಚರಂಡಿ ದಾಟಿದರೆ ಪುರಸಭೆಯ ವಾರ್ಡು. ಸುಮಾರು ನಲವತ್ತೈದರ ಹೆಂಗಸು ಅಲ್ಲಿ ಬಂದು ಕೂತಿದ್ದರು. ಪಕ್ಕದ ಟೀ ಅಂಗಡಿಯ ಅವ್ವ ನನಗೆ ಫೋನ್ ಮಾಡಿಸಿದ್ದು.

"ಒಂದ್ ವಾರದಿಂದ ಇಲ್ಲೇ ಅವ್ಳೆ ಕನವ್ವ. ಟೀ ಕೊಟ್ರೆ ಕುಡೀತಾಳೆ, ಅನ್ನ ಮುಟ್ಟಾಕಿಲ್ಲ. ರಾತ್ರಿ ಹೊತ್ತು ಕುಡುಕರ ಕಾಟ. ನಾನೇ ಅಂಗಡಿ ಜಗಲೀಲಿ ಮಲಗಿಸ್ಕತೀನಿ" ಅಂದರು.

ಕೂದಲು ಜಡೆಗಟ್ಟಿತ್ತು. ಸೊಂಟಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಯಾರು ಹತ್ತಿರ ಹೋದರೂ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದರು. ಆಮೇಲೆ ಮಹಿಳಾ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕೂತು, ಕೇಳಿ, ಒಪ್ಪಿಸಿ ನೋಡಿದಾಗ ಅದರಲ್ಲಿ ಹಳೇ ಬಸ್ ಟಿಕೆಟ್‌ಗಳು, ಒಂದು ಬಾಚಣಿಗೆ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ, ಮಡಿಸಿ ಮಡಿಸಿ ಗೆರೆಯಲ್ಲೇ ಹರಿದಿದ್ದ ತೆಲುಗಿನ ಆಸ್ಪತ್ರೆ ಚೀಟಿ ಇದ್ದವು. ಅವರು ಆಡುತ್ತಿದ್ದುದು ತೆಲುಗು. ಆ ಚೀಟಿ ಹೇಳಿದ್ದು ದೊಡ್ಡ ವಿಷಯ: ಇವರು ಎಲ್ಲೋ ಚಿಕಿತ್ಸೆಯಲ್ಲಿದ್ದರು, ಮಾತ್ರೆ ತಪ್ಪಿದೆ, ಹುಡುಕುತ್ತಿರುವ ಮನೆಯೊಂದು ಇರಬಹುದು.

ಕಾನೂನು ಏನು ಹೇಳುತ್ತದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆ ಪ್ರದೇಶದ ಪೊಲೀಸ್ ಠಾಣೆಯ ಅಧಿಕಾರಿಯ ಕರ್ತವ್ಯ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಅಪರಾಧ ಮಾಡದ ಅಸ್ವಸ್ಥರನ್ನು ಜೈಲಿಗೆ ಹಾಕುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಶೀಲಾ ಬಾರ್ಸೆ ಪ್ರಕರಣದಲ್ಲಿ 1993ರಲ್ಲೇ ಹೇಳಿತ್ತು. ಮನೆ ಇಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಪತ್ತೆ ಹಚ್ಚುವುದೂ ಠಾಣೆಯದೇ ಕೆಲಸ.

ಹಣದ ಬಗ್ಗೆ ಕಾಯ್ದೆ ಕೆಲವು ಕಡೆ ಬಹಳ ಸ್ಪಷ್ಟವಾಗಿದೆ. 18ನೇ ಕಲಂ ಪ್ರಕಾರ ಬಡವರು, ನಿರ್ಗತಿಕರು, ಮನೆ ಇಲ್ಲದವರಿಗೆ ಸರ್ಕಾರಿ ಹಾಗೂ ಸರ್ಕಾರದ ಅನುದಾನದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ, ಬಿಪಿಎಲ್ ಕಾರ್ಡು ಕೈಯಲ್ಲಿರಲಿ ಬಿಡಲಿ. 27ನೇ ಕಲಂ ಪ್ರಕಾರ ಕಾನೂನು ನೆರವು ಉಚಿತ. ಅದನ್ನು ಆ ವ್ಯಕ್ತಿಗೆ ತಿಳಿಸುವುದು ಪೊಲೀಸರು, ಮ್ಯಾಜಿಸ್ಟ್ರೇಟರು, ವೈದ್ಯಾಧಿಕಾರಿಗಳ ಕರ್ತವ್ಯ. ದಾಖಲಾತಿಯನ್ನೂ ರೋಗಿಯ ಹಕ್ಕುಗಳನ್ನೂ ನೋಡುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಲು ಶುಲ್ಕವಿಲ್ಲ.

ಕರೆದೊಯ್ಯುವ ಗಾಡಿ, ಜೊತೆಗೆ ಹೋಗುವವರ ಊಟ, ಉಡಲು ಬಟ್ಟೆ, ಮಾತು ತಿಳಿಸಿ ಹೇಳುವವರು: ಇವನ್ನು ಯಾರು ಭರಿಸಬೇಕೆಂದು ಮಾತ್ರ ಈ ಕಲಂಗಳಲ್ಲಿ ಇಲ್ಲ.

ಮೊದಲ ದಿನ

ಠಾಣೆಯ ಎಎಸ್‌ಐ ಒಳ್ಳೆಯವರು. "ಸ್ಟೇಷನ್‌ಗೆ ಕರ್ಕಂಡೋಗಂಗಿಲ್ಲ ಮೇಡಂ, ಸೀದಾ ಆಸ್ಪತ್ರೆಗೇ ಹೋಗ್ಬೇಕು" ಎಂದು ಅವರೇ ಹೇಳಿದರು. 108ಕ್ಕೆ ಕರೆ ಮಾಡಿದೆವು. ಹತ್ತಿರದ ಗಾಡಿ ಅಪಘಾತವೊಂದಕ್ಕೆ ಹೋಗಿತ್ತು. ಠಾಣೆಯ ಜೀಪು ಬಂದೋಬಸ್ತಿಗೆ ಹೋಗಿತ್ತು. ಬಸ್ಸಿನಲ್ಲಿ ಹೋಗೋಣವೆಂದರೆ ಆಕೆ ಹತ್ತಲು ಒಪ್ಪಲಿಲ್ಲ. ಒಪ್ಪಿದ್ದರೂ ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅವರ ಬಳಿ ಅಂಥದ್ದೇನೂ ಇರಲಿಲ್ಲ. ಆಟೋ ಮಾಡಿದೆವು, 350 ರೂಪಾಯಿ. ಹೊರಡುವ ಮುಂಚೆ ಟೀ ಅಂಗಡಿಯ ಅವ್ವ ತಮ್ಮ ಮನೆ ಹಿತ್ತಲಲ್ಲೇ ಸ್ನಾನ ಮಾಡಿಸಿದರು. ಎರಡು ನೈಟಿ, ಒಳಬಟ್ಟೆ, ಸೋಪು, ಪ್ಯಾಡು, ಚಪ್ಪಲಿಗೆ 780. ಎಲ್ಲರ ಊಟ, ತಿಂಡಿಗೆ 410.

ಮೊದಲು ಹೋದ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷೆ ಮಾಡಿದರು, ಇಂಜೆಕ್ಷನ್ ಕೊಟ್ಟರು, ಒಳರೋಗಿಯಾಗಿ ಇರಿಸಿಕೊಳ್ಳಬೇಕಾದ ಸ್ಥಿತಿ ಎಂದೂ ಬರೆದರು. ಆದರೆ ದಾಖಲಾತಿಯ ಕೌಂಟರಿನಲ್ಲಿ ಮಾತು ನಿಂತಿತು. "ಪೊಲೀಸ್ ಕೇಸು ಅಂದ್ಮೇಲೆ ಕೋರ್ಟ್ ಆರ್ಡರ್ ಬೇಕು. ಆರ್ಡರ್ ಇಲ್ದೆ ಅಡ್ಮಿಷನ್ ಮಾಡೋಕಾಗಲ್ಲ."

ಇಲ್ಲಿ ಸ್ವಲ್ಪ ನಿಲ್ಲಬೇಕು. 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಪೊಲೀಸರು ಇಂಥವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಅವರ ಆದೇಶದ ಮೇಲೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಹೊಸ ಕಾಯ್ದೆ 2018ರಲ್ಲಿ ಜಾರಿಗೆ ಬಂದ ಮೇಲೆ ಪೊಲೀಸರು ನೇರವಾಗಿ ಆಸ್ಪತ್ರೆಗೆ ಕರೆತರಬಹುದು. ದಾಖಲು ಮಾಡಿಕೊಳ್ಳಬೇಕೇ ಬೇಡವೇ ಎಂಬುದು ವೈದ್ಯಕೀಯ ತೀರ್ಮಾನ. ಮ್ಯಾಜಿಸ್ಟ್ರೇಟರ ದಾರಿ 102ನೇ ಕಲಂನಲ್ಲಿ ಬೇರೆಯಾಗಿದೆ, ವ್ಯಕ್ತಿ ಅವರ ಮುಂದೆ ಬಂದಾಗ ಬಳಸಲು. ಕಾನೂನು ಬದಲಾಯಿತು, ಕೌಂಟರಿನ ರೂಢಿ ಬದಲಾಗಲಿಲ್ಲ. ಇದರಲ್ಲಿ ಕೌಂಟರಿನ ಗುಮಾಸ್ತರೊಬ್ಬರನ್ನೇ ದೂರುವುದು ನ್ಯಾಯವಲ್ಲ. ನಾಳೆ ಯಾರೋ ಬಂದು "ನಮ್ಮವಳನ್ನು ಬಲವಂತವಾಗಿ ಇಟ್ಟುಕೊಂಡಿರಿ" ಎಂದು ದೂರು ಕೊಟ್ಟರೆ ಮೊದಲು ಉತ್ತರ ಹೇಳಬೇಕಾದವರು ಅವರೇ. ಕೈಯಲ್ಲಿ ಒಂದು ಕಾಗದವಿದ್ದರೆ ಧೈರ್ಯ. ಆ ರಾತ್ರಿ ತುರ್ತು ವಿಭಾಗದಲ್ಲೇ ಕಳೆಯಿತು. ಮಹಿಳಾ ಕಾನ್‌ಸ್ಟೆಬಲ್ ಕುರ್ಚಿಯ ಮೇಲೆ, ನಾನು ಬೆಂಚಿನ ಮೇಲೆ.

ನ್ಯಾಯಾಲಯದ ದಿನ

ಮಾರನೇ ದಿನ ಬಾಡಿಗೆ ಕಾರು ಮಾಡಿ ನ್ಯಾಯಾಲಯಕ್ಕೆ ಹೋದೆವು. ಹೋಗಿ ಬರುವುದು, ಕಾಯುವುದು ಸೇರಿ 1,800 ರೂಪಾಯಿ. 108 ಆಸ್ಪತ್ರೆಗೆ ಕರೆದೊಯ್ಯುತ್ತದೆ, ಆಸ್ಪತ್ರೆಯಿಂದ ನ್ಯಾಯಾಲಯಕ್ಕೆ ಕರೆದೊಯ್ಯುವ ವ್ಯವಸ್ಥೆ ಅಲ್ಲ ಅದು. ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲರು ಅಷ್ಟರಲ್ಲಿ ಅರ್ಜಿ ಸಿದ್ಧ ಮಾಡಿದ್ದರು.

ಮ್ಯಾಜಿಸ್ಟ್ರೇಟರು ನಡೆದುಕೊಂಡ ರೀತಿಯನ್ನು ಬರೆಯಲೇಬೇಕು. ತೆರೆದ ನ್ಯಾಯಾಲಯದಲ್ಲಿ ಎಲ್ಲರೆದುರು ನಿಲ್ಲಿಸದೆ ಚೇಂಬರಿಗೆ ಕರೆಸಿಕೊಂಡರು. ತೆಲುಗು ಬಲ್ಲ ವಕೀಲರೊಬ್ಬರನ್ನು ಕರೆಸಿ, "ನಿಮ್ಮನ್ನು ಜೈಲಿಗೆ ಕಳಿಸ್ತಿಲ್ಲಮ್ಮ, ಆಸ್ಪತ್ರೆಗೆ ಕಳಿಸ್ತಿದೀವಿ, ನಿಮ್ಮ ಪರವಾಗಿ ಮಾತಾಡೋಕೆ ವಕೀಲರಿದಾರೆ, ದುಡ್ಡು ಕೊಡಬೇಕಿಲ್ಲ ಅಂತ ಹೇಳಿ" ಎಂದರು. ಆಕೆ ಚೀಲ ಬಿಡಲಿಲ್ಲ, ಆದರೆ ಮೊದಲ ಸಲ ತಲೆ ಎತ್ತಿ ನೋಡಿದರು. 102ನೇ ಕಲಂನಡಿ ಆದೇಶವಾಯಿತು: ಮೌಲ್ಯಮಾಪನ ಮತ್ತು ಚಿಕಿತ್ಸೆಯ ಯೋಜನೆಗಾಗಿ ದಾಖಲು, ಅವಧಿ ಹತ್ತು ದಿನ ಮೀರದಂತೆ. ಆ ಕಲಂ ಕೊಡುವ ಗರಿಷ್ಠ ಅವಧಿ ಅಷ್ಟೇ.

ಆದೇಶದ ಕೊನೆಯ ಸಾಲಿನಲ್ಲಿ "ಠಾಣಾಧಿಕಾರಿಯವರು ಕರೆದೊಯ್ದು ದಾಖಲಿಸತಕ್ಕದ್ದು" ಎಂದಿತ್ತು. ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಇರಲಿಲ್ಲ. ಅರ್ಜಿಯಲ್ಲೇ ನಾವು ಅದನ್ನು ಕೇಳಿರಲಿಲ್ಲ. ಕೇಳದಿದ್ದುದನ್ನು ನ್ಯಾಯಾಲಯ ತಾನಾಗಿ ಬರೆಯಬೇಕೆಂದು ನಿರೀಕ್ಷಿಸಲಾಗದು. ಇಂಥ ಅರ್ಜಿ ಬರೆಯುವ ವಕೀಲರು ಒಂದು ಪ್ರಾರ್ಥನೆ ಹೆಚ್ಚಿಗೆ ಸೇರಿಸಬೇಕೆಂದು ನನ್ನ ಕಳಕಳಿಯ ವಿನಂತಿ: ಸಾಗಣೆ ಮತ್ತು ಬೆಂಗಾವಲಿನ ವೆಚ್ಚ ಯಾವ ಇಲಾಖೆಯದು ಎಂದು ಆದೇಶದಲ್ಲೇ ನಮೂದಿಸಬೇಕು ಎಂದು.

ಆದೇಶ ಹಿಡಿದು ವಾಪಸು ಬಂದರೆ ಮಹಿಳೆಯರ ವಾರ್ಡಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಬೇರೆ ಊರಿನ ಇನ್ನೊಂದು ಸರ್ಕಾರಿ ಆಸ್ಪತ್ರೆಗೆ ಬರೆದುಕೊಟ್ಟರು. ಮತ್ತೆ ಕಾರು, ರಾತ್ರಿ ಕಾಯುವುದೂ ಸೇರಿ 4,200. ಆ ಆಸ್ಪತ್ರೆಯವರು ಆದೇಶದ ಪ್ರತಿ ನೋಡಿ, ಹೆಚ್ಚು ಪ್ರಶ್ನೆ ಕೇಳದೆ ಸೇರಿಸಿಕೊಂಡರು.

ನಂತರದ್ದು ಬೇಗ ನಡೆಯಿತು. ಹತ್ತು ದಿನ ಮುಗಿಯುವ ಹೊತ್ತಿಗೆ ವೈದ್ಯರು 89ನೇ ಕಲಂನ ಬೆಂಬಲಿತ ದಾಖಲಾತಿಗೆ (ತಾವಾಗಿ ತೀರ್ಮಾನಿಸಲು ಹೆಚ್ಚಿನ ಬೆಂಬಲ ಬೇಕಾದವರಿಗೆ ಇರುವುದು) ಬದಲಾಯಿಸಿದರು. ಅದು 30 ದಿನದವರೆಗೆ. ಹೆಂಗಸಾದ್ದರಿಂದ ಮೂರು ದಿನದೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ತಿಳಿಸಿದರು. ಆಕೆಗೆ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ತೀರ್ಮಾನಗಳಲ್ಲಿ ರೋಗಿಯ ಪರವಾಗಿ ನಿಲ್ಲುವವರು, ಯಾರೂ ಇರಲಿಲ್ಲ. ಅಂಥ ಸಂದರ್ಭಕ್ಕೆ 14ನೇ ಕಲಂ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಅಥವಾ ಅವರು ಹೆಸರಿಸಿದವರನ್ನು ಮಂಡಳಿ ನೇಮಿಸಬೇಕೆನ್ನುತ್ತದೆ. ಆ ಕಾಗದ ಓಡಾಡುತ್ತಿರುವಾಗಲೇ ಠಾಣೆಯವರು ತೆಲುಗು ಚೀಟಿಯ ಜಾಡು ಹಿಡಿದು ಆಂಧ್ರದ ಠಾಣೆಯೊಂದನ್ನು ಸಂಪರ್ಕಿಸಿದ್ದರು. ಅಲ್ಲಿ ಆಕೆಯ ತಮ್ಮ, ಅಕ್ಕ ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟಿದ್ದ. ಆತ ಬಂದ. ವಾರ್ಡಿನ ಬಾಗಿಲಲ್ಲಿ ಮೊದಲು ಕೇಳಿದ್ದು "ಎಷ್ಟು ಕಟ್ಟಬೇಕು ಸಾರ್?" ಏನೂ ಇಲ್ಲ ಎಂದಾಗ ಆತ ನಂಬಲಿಲ್ಲ, ಎರಡು ಸಲ ಕೇಳಿದ.

ಹಣದ ಲೆಕ್ಕಕ್ಕೆ ಕೂತಾಗ

7,540ರಲ್ಲಿ ಮೊದಲ ದಿನದ ಆಟೋ ಮತ್ತು ಊಟದ್ದು ಎಎಸ್‌ಐ ಜೇಬಿನಿಂದ ಹೋಗಿತ್ತು. ಬಟ್ಟೆಯದು ಟೀ ಅಂಗಡಿಯ ಅವ್ವ ಮತ್ತು ನಾನು. ನ್ಯಾಯಾಲಯದ ದಿನದ 1,800 ಕಾನ್‌ಸ್ಟೆಬಲ್ ಕೊಟ್ಟಿದ್ದರು. 4,200 ಮಾತ್ರ ಕಾರಿನವನಿಗೆ ಬಾಕಿ. ಆತ ಗುರುತಿನವನಾದ್ದರಿಂದ ಸುಮ್ಮನಿದ್ದ.

ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದೆವು. ಪುರಸಭೆಯ ಮುಖ್ಯಾಧಿಕಾರಿ ನಕ್ಷೆ ತೋರಿಸಿ, ನಿಲ್ದಾಣ ಚರಂಡಿಯಿಂದೀಚೆ ಇದೆ, ಅದು ಪಂಚಾಯ್ತಿ ಎಂದರು. ಪಿಡಿಒ ಹೇಳಿದ್ದು ಇನ್ನೂ ಗಂಭೀರ. "ಕೊಡಬಾರದು ಅಂತಲ್ಲ ಅಕ್ಕ. ಆಡಿಟ್‌ನವರು ಕೇಳ್ತಾರೆ, ಫಲಾನುಭವಿ ನಿಮ್ಮ ಪಂಚಾಯ್ತಿಯವರಾ, ದಾಖಲೆ ಎಲ್ಲಿ ಅಂತ. ವಸೂಲಿ ನನ್ನ ಸಂಬಳದಲ್ಲಿ ಆಯ್ತದೆ."

ಅವರ ಮಾತಿನಲ್ಲಿ ಹುರುಳಿದೆ. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಮಾನಸಿಕ ಅಸ್ವಸ್ಥತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಆದರೆ ಆ ಹಣ ಕೇಳಲು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ವಾಸದ ದಾಖಲೆ ತೋರಿಸಬೇಕು. ಸೊಂಟದ ಚೀಲವೊಂದೇ ಆಸ್ತಿಯಾದವರು ಏನು ತೋರಿಸಿಯಾರು? ಇನ್ನು 15ನೇ ಹಣಕಾಸು ಆಯೋಗದ ಅನುದಾನ. 2021–26ರ ಅವಧಿಯಲ್ಲಿ ಅದರ ನೂರರಲ್ಲಿ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಉಳಿದ 40 ಭಾಗಕ್ಕೆ ಮೊದಲೇ ಕ್ರಿಯಾಯೋಜನೆ ಆಗಿರಬೇಕಿತ್ತು. ಅಲೆಯುತ್ತಾ ಬರುವವರು ಕ್ರಿಯಾಯೋಜನೆ ನೋಡಿಕೊಂಡು ಬರುವುದಿಲ್ಲ.

ಆ ಸಭೆಯಲ್ಲಿ ಯಾರೂ ಎತ್ತದಿದ್ದ ಒಂದು ಹಣವಿದೆ. ನಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ: ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರದ ಕೆಳಗೆ ಭಿಕ್ಷುಕರ ಕರ ಎಂದು ಶೇ 3 ಇರುತ್ತದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರ ಪ್ರಕಾರ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕಳಿಸುವ ಹಣ ಅದು. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಅದರಿಂದ. ಅಂದರೆ ಬೀದಿಯಲ್ಲಿರುವವರಿಗಾಗಿ ಪ್ರತಿ ಪಂಚಾಯ್ತಿ, ಪ್ರತಿ ಪುರಸಭೆ ಈಗಾಗಲೇ ಪಾಲು ಹಾಕುತ್ತಿದೆ. ಕಾಯಿಲೆಯ ಹೆಂಗಸನ್ನು ಭಿಕ್ಷುಕಿ ಎಂದು ಬರೆದು ಆ ಹಣ ಪಡೆಯುವುದನ್ನು ನಾನು ಒಪ್ಪುವುದಿಲ್ಲ. ಆಕೆ ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಆದರೆ ಹಲವು ಊರುಗಳು ಸ್ವಲ್ಪ ಸ್ವಲ್ಪ ಹಾಕಿ ಒಂದು ನಿಧಿ ಮಾಡುವ ಪದ್ಧತಿ ನಮಗೆ ಹೊಸದಲ್ಲ ಎಂಬುದಕ್ಕೆ ಆ ರಸೀದಿಯೇ ಸಾಕ್ಷಿ.

ಬೇರೆ ಕಡೆ ಹೇಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಕಾನೂನು ಈ ಪ್ರಶ್ನೆಗೆ ನೇರ ಉತ್ತರ ಬರೆದಿಟ್ಟಿದೆ. ಅಲ್ಲಿ ಇಂಥ ವಿಚಾರಣೆಗಳು ನಡೆಯುವುದು ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಮಟ್ಟದಲ್ಲಿ. ತುರ್ತು ರಕ್ಷಣೆಯ ಕ್ರಮವನ್ನು ಯಾವ ಕೌಂಟಿ ಶುರು ಮಾಡಿತೋ ವಿಚಾರಣೆಯ ವೆಚ್ಚ ಅದರದೇ. ತುರ್ತು ಕ್ರಮವಿಲ್ಲದಿದ್ದರೆ ಅರ್ಜಿ ಸ್ವೀಕರಿಸಿದ ಅಥವಾ ರಕ್ಷಣಾ ಆದೇಶ ಹೊರಡಿಸಿದ ಕೌಂಟಿಯದು. ವ್ಯಕ್ತಿ ಬಿಡುಗಡೆಯಾಗುವವರೆಗಿನ ಮುಂದಿನ ವಿಚಾರಣೆಗಳೂ ಆ ಕೌಂಟಿಯ ಹೊಣೆಯೇ. ವೆಚ್ಚ ಎಂದರೆ ಏನೇನು ಎಂದೂ ಎಣಿಸಿದ್ದಾರೆ: ವಕೀಲರ ಫೀಸು, ವೈದ್ಯರ ಪರೀಕ್ಷೆ, ವಿಚಾರಣೆಗೂ ಆಸ್ಪತ್ರೆಗೂ ಕರೆದೊಯ್ಯುವ ಸಾಗಣೆ. ರೋಗಿ ಅಥವಾ ಮನೆಯವರಿಗೆ ಶಕ್ತಿಯಿಲ್ಲದಿದ್ದರೆ ಬಿಡುಗಡೆಯಾದ ಮೇಲೆ ಮನೆಗೆ ತಲುಪಿಸುವ ಖರ್ಚು ರಾಜ್ಯದ್ದು.

ನಮ್ಮ 1987ರ ಕಾಯ್ದೆಯಲ್ಲೂ ಒಳರೋಗಿಯ ನಿರ್ವಹಣಾ ವೆಚ್ಚದ ಬಗ್ಗೆ ಬರಹವಿತ್ತು: ಆದೇಶ ಮಾಡಿದ ಅಧಿಕಾರಿ ಯಾವ ರಾಜ್ಯದವರೋ ಆ ರಾಜ್ಯ ಸರ್ಕಾರ ಭರಿಸಬೇಕು, ಆಸ್ತಿ ಇದ್ದರೆ ಜಿಲ್ಲಾ ನ್ಯಾಯಾಲಯದ ಮೂಲಕ ವಸೂಲಿ ಮಾಡಬಹುದು.

ಟೆಕ್ಸಾಸಿನ ಪಟ್ಟಿ ನನಗೆ ಬಹಳ ಹಿಡಿಸಿತು, ನಿಯಮವನ್ನು ಮಾತ್ರ ಹಾಗೇ ತರಬಾರದು. ಮೊದಲು ಕೈ ಹಿಡಿದವರೇ ಖರ್ಚು ಹೊರಬೇಕೆಂದರೆ ನಮ್ಮಲ್ಲಿ ಯಾರೂ ಮೊದಲು ಕೈ ಹಿಡಿಯುವುದಿಲ್ಲ. ಚರಂಡಿಯ ಆಚೆಗೆ ದಾಟಿಸಿಬಿಡುತ್ತಾರೆ. ಅದಲ್ಲದೆ ಅಲೆಯುವವರು ಹೋಗಿ ಸೇರುವುದು ದೇವಸ್ಥಾನ, ರೈಲು ನಿಲ್ದಾಣ, ದೊಡ್ಡ ರಸ್ತೆ ಇರುವ ಊರಿಗೆ. ಶ್ರೀರಂಗಪಟ್ಟಣ, ಮೇಲುಕೋಟೆ, ಪಕ್ಕದ ಜಿಲ್ಲೆಯ ನಂಜನಗೂಡು ಇಂಥ ಊರುಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆದ್ದರಿಂದ ಖರ್ಚು ಜಿಲ್ಲಾ ಮಟ್ಟದ ಒಂದೇ ಖಾತೆಯಿಂದ ಹೋಗಬೇಕು. ಅದಕ್ಕೆ ಎಲ್ಲ ಪಂಚಾಯ್ತಿ, ಪುರಸಭೆ, ನಗರಸಭೆಗಳು ತಮ್ಮ ತಮ್ಮ ಸ್ವಂತ ವರಮಾನಕ್ಕೆ ತಕ್ಕಂತೆ ಪಾಲು ಹಾಕಬೇಕು. ವ್ಯಕ್ತಿ ಯಾವ ಗಡಿಯಲ್ಲಿ ಸಿಕ್ಕರು ಎಂಬ ಪ್ರಶ್ನೆಯೇ ಏಳಬಾರದು.

ಈಗ ಎಲ್ಲಿಗೆ ಬಂದಿದೆ

ಸಭೆಯಲ್ಲಿ ಅಲ್ಪಸ್ವಲ್ಪ ಇತ್ಯರ್ಥವಾಯಿತು. ಗ್ರಾಮ ಪಂಚಾಯ್ತಿ ಸಾಮಾನ್ಯ ಸಭೆಯಲ್ಲಿ ನಡಾವಳಿ ಮಾಡಿ ಸ್ವಂತ ಸಂಪನ್ಮೂಲದಿಂದ ಬಟ್ಟೆ, ಊಟ, ಆಟೋದ ಬಾಬ್ತು ಕೊಟ್ಟಿತು. ಅಧ್ಯಕ್ಷೆ "ನಮ್ಮೂರ ನಿಲ್ದಾಣದಾಗೆ ಸಿಕ್ದೋಳು, ನಮ್ಮೋಳೇ ಅಂತ ಬರ್ಕಳಿ" ಎಂದು ಪಿಡಿಒಗೆ ಹೇಳಿದ್ದನ್ನು ನಾನೇ ಕೇಳಿದೆ. ಪುರಸಭೆ ಅರ್ಧ ಕೊಡಲು ಬಾಯಿಮಾತಿನಲ್ಲಿ ಒಪ್ಪಿತು, ಇನ್ನೂ ಕಾಗದ ಬಂದಿಲ್ಲ. ಕಾರಿನ 4,200ಕ್ಕೆ ಎರಡನೇ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ (ಆಸ್ಪತ್ರೆಯ ನಿರ್ವಹಣೆ ನೋಡುವ ಸಮಿತಿ) ಬಿಲ್ಲು ಸಲ್ಲಿಸಿದ್ದೇವೆ. ಆ ಸಮಿತಿಯ ಹಣಕ್ಕೆ ಸ್ವಲ್ಪ ಸ್ವಾತಂತ್ರ್ಯವಿದೆ. ರೋಗಿಯ ಸಾಗಣೆಯನ್ನು ಅದರಲ್ಲಿ ತೋರಿಸುವುದು ತಪ್ಪಾಗಲಾರದೆಂದು ಅಲ್ಲಿನ ಆಡಳಿತಾಧಿಕಾರಿಯವರೂ ಹೇಳಿದ್ದಾರೆ. ಕಾನ್‌ಸ್ಟೆಬಲ್ ಕೊಟ್ಟ 1,800 ಠಾಣೆಯ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಸಿಕ್ಕಿಕೊಂಡಿದೆ. ತಿಂಗಳ ಸಂಬಳದ ಮೇಲೆ ಮನೆ ನಡೆಸುವ ಹುಡುಗಿ. ಅದು ಮೊದಲು ವಾಪಸಾಗಬೇಕು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಜಿಲ್ಲಾಧಿಕಾರಿಯವರಿಗೂ ಜಿಲ್ಲಾ ಪಂಚಾಯ್ತಿ ಸಿಇಒ ಅವರಿಗೂ ಮನವಿ ಕೊಟ್ಟಿದ್ದೇವೆ. ಪರಿಶೀಲನಾ ಮಂಡಳಿಯಲ್ಲಿ ಜಿಲ್ಲಾಧಿಕಾರಿಯವರ ಪ್ರತಿನಿಧಿ ಇರಬೇಕೆಂದು 74ನೇ ಕಲಂ ಹೇಳುವುದರಿಂದ ಇದು ಅವರಿಗೆ ಹೊರಗಿನ ವಿಷಯವಲ್ಲ. ಮನವಿಯಲ್ಲಿ ಕೇಳಿರುವುದು ಮೂರು. 100 ಮತ್ತು 102ನೇ ಕಲಂನಡಿ ಬರುವವರ ಸಾಗಣೆ, ಬೆಂಗಾವಲು, ಬಟ್ಟೆ, ಊಟ, ಭಾಷಾಂತರದ ವೆಚ್ಚಕ್ಕೆ ಜಿಲ್ಲೆಯಲ್ಲಿ ಒಂದು ಖಾತೆ. ಠಾಣಾಧಿಕಾರಿಯ ಸಹಿ ಇದ್ದರೆ ಸಾಕು, ವಾಸದ ದಾಖಲೆ ಕೇಳಬಾರದೆಂಬ ಲಿಖಿತ ಸೂಚನೆ, ಲೆಕ್ಕ ಪರಿಶೋಧಕರಿಗೂ ಅದರ ಪ್ರತಿ. ಪೊಲೀಸರು ಕರೆತಂದವರನ್ನು ದಾಖಲಿಸಿಕೊಳ್ಳಲು ನ್ಯಾಯಾಲಯದ ಆದೇಶ ಕಡ್ಡಾಯವಲ್ಲ ಎಂಬ ಸುತ್ತೋಲೆ ಜಿಲ್ಲೆಯ ಎಲ್ಲ ಸರ್ಕಾರಿ ಆಸ್ಪತ್ರೆಗಳ ದಾಖಲಾತಿ ಕೌಂಟರಿಗೆ. ಮೂರನೆಯದೊಂದಾದರೂ ಬೇಗ ಬಂದರೆ ಮುಂದಿನವರಿಗೆ ನ್ಯಾಯಾಲಯದ ದಿನದ ಕಾರಿನ ಬಾಡಿಗೆಯೂ, ತುರ್ತು ವಿಭಾಗದಲ್ಲಿ ಕಳೆಯುವ ಒಂದು ರಾತ್ರಿಯೂ ಉಳಿಯುತ್ತವೆ; ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಆ ಹೆಂಗಸು ಈಗ ತಮ್ಮನ ಮನೆಯಲ್ಲಿದ್ದಾರೆ, ಅಲ್ಲಿನ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಸಿಗುತ್ತಿದೆ. ಮಾತ್ರೆ ತಪ್ಪಿದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ತಮ್ಮನ ಫೋನಿನಲ್ಲಿ ಹಾಕಿಕೊಟ್ಟಿದ್ದೇನೆ, ತೆಲುಗಿನಲ್ಲೂ ಮಾತಾಡಬಹುದು. ನಮ್ಮ ಮನವಿಗೆ ಸ್ವೀಕೃತಿ ಬಂದಿದೆ. ಇಲಾಖೆಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ತಾಲ್ಲೂಕು ಪಂಚಾಯ್ತಿ ಇಒ ಅವರಿಗೆ ಬರೆದಿದ್ದೇವೆ.